ಪ್ರಶ್ನೋತ್ತರ: ದೊಡ್ಡ ಕ್ಯಾಲಿಬರಿನ ರೈಫಲ್ ತೋಟಾಗಳಿಗೆ ಎಂಥ ಪ್ರೆಸ್ ಬೇಕು?

ಈ ಸಂಚಿಕೆಗೆ ಬಂದ ಪತ್ರಗಳಲ್ಲಿ ಹೆಚ್ಚಿನವು ರೀಲೋಡಿಂಗ್ ಪ್ರೆಸ್‌ನ ಆಯ್ಕೆಗೆ ಸಂಬಂಧಿಸಿದವು; ಹಾರಿಸಿದ ತೋಟಾದ ಹಿತ್ತಾಳೆಯ ಕೇಸನ್ನು ಮತ್ತೆ ತುಂಬಿ ತೋಟಾ ಮಾಡುವ ಸನ್ನೆಯಂತ್ರ ಅದು. ಅದರಲ್ಲೂ ಸಣ್ಣ ತೋಟಾಗಳಿಂದ ದೊಡ್ಡ ಮ್ಯಾಗ್ನಮ್ ತೋಟಾಗಳಿಗೆ ಹೋಗುತ್ತಿರುವವರ ಪ್ರಶ್ನೆಗಳೇ ಹೆಚ್ಚಾಗಿರುವುದರಿಂದ ಅವನ್ನೆಲ್ಲ ಒಟ್ಟಿಗೆ ಉತ್ತರಿಸುತ್ತಿದ್ದೇನೆ. ತೋಟಾಗಳನ್ನು ಮರುಭರ್ತಿ ಮಾಡುವುದಕ್ಕೆ ಕೆಲವು ದೇಶಗಳಲ್ಲಿ ಮುಕ್ತ ಅವಕಾಶವಿದೆ, ಕೆಲವೆಡೆ ಪರವಾನಗಿ ಬೇಕು, ಕೆಲವೆಡೆ ಅದಕ್ಕೆ ಅವಕಾಶವೇ ಇಲ್ಲ. ತಾವಿರುವಲ್ಲಿನ ಕಾನೂನನ್ನು ತಿಳಿದು ಅದರೊಳಗೇ ನಡೆಯುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದ ಉತ್ತರಗಳಿವು. ಯಾವ ತೋಟಾಗೆ ಎಷ್ಟು ಮದ್ದು ಎಂಬುದನ್ನು ಈ ಅಂಕಣದಲ್ಲಿ ಹೇಳುವುದಿಲ್ಲ. ಅದಕ್ಕೆ ಮದ್ದು ತಯಾರಿಸುವವರೇ ಪ್ರಕಟಿಸುವ ಕೋಷ್ಟಕಗಳಿವೆ, ಅವನ್ನು ಬಿಟ್ಟು ಬೇರೆ ಯಾರ ಮಾತನ್ನೂ ನಂಬಬಾರದು.

ಪ್ರಶ್ನೆ: ಬಹುಕಾಲದಿಂದ .223 ರೆಮಿಂಗ್ಟನ್ ತೋಟಾಗಳನ್ನು ಅಲ್ಯೂಮಿನಿಯಂನ ಚಿಕ್ಕ ಸಿ-ಫ್ರೇಮ್ ಪ್ರೆಸ್‌ನಲ್ಲಿ ತೃಪ್ತಿಕರವಾಗಿ ಮರುಭರ್ತಿ ಮಾಡುತ್ತಿದ್ದೇನೆ. ಈಗ .375 ಎಚ್ ಅಂಡ್ ಎಚ್ ಮ್ಯಾಗ್ನಮ್ ಮತ್ತು .338 ಲಾಪುವಾ ಮ್ಯಾಗ್ನಮ್ ರೈಫಲ್‌ಗಳು ನನ್ನಲ್ಲಿವೆ. ಅದೇ ಪ್ರೆಸ್‌ನಲ್ಲಿ ಇವುಗಳ ಕೇಸ್‌ಗಳನ್ನು ಪೂರ್ಣವಾಗಿ ಸೈಜ್ ಮಾಡಲು (ಹಾರಿಸಿದಾಗ ಹಿಗ್ಗಿದ್ದನ್ನು ಒತ್ತಿ ಮೂಲ ಅಳತೆಗೆ ತರಲು) ಹೋದಾಗ ಹಿಡಿಕೆಯ ಮೇಲೆ ಮೈಭಾರವನ್ನೆಲ್ಲ ಹಾಕಬೇಕಾಗುತ್ತದೆ. ಅದಕ್ಕಿಂತ ಹೆಚ್ಚಾಗಿ, ಡೈಯನ್ನು, ಅಂದರೆ ಕೇಸಿಗೆ ಆಕಾರ ಕೊಡುವ ಉಕ್ಕಿನ ಅಚ್ಚನ್ನು, ಒಂದೇ ಜಾಗದಲ್ಲಿ ಬಿಗಿದಿದ್ದರೂ ಕೇಸ್‌ಗಳ ಭುಜದ (ಮೈ ಕತ್ತಿಗೆ ಕಿರಿದಾಗುವ ಇಳಿಜಾರಿನ) ಎತ್ತರ ಒಂದರಿಂದ ಇನ್ನೊಂದಕ್ಕೆ ಬೇರೆಯಾಗಿ ಬರುತ್ತಿದೆ. ತಪ್ಪು ಡೈಯದೋ ಪ್ರೆಸ್‌ದೋ? ಹೊಸ ಪ್ರೆಸ್ ಕೊಳ್ಳುವುದಾದರೆ ಏನನ್ನು ನೋಡಿ ಆರಿಸಬೇಕು?

ಉತ್ತರ: ತಪ್ಪು ಬಹುಮಟ್ಟಿಗೆ ಪ್ರೆಸ್‌ದೇ. ಅದನ್ನು ನೀವೇ ಖಚಿತಪಡಿಸಿಕೊಳ್ಳಬಹುದು. ಕೇಸ್ ಇಲ್ಲದೆ ರ‍್ಯಾಮನ್ನು (ಹಿಡಿಕೆಯೆಳೆದಾಗ ಏರುವ ದಂಡವನ್ನು) ಪೂರ್ತಿ ಮೇಲಕ್ಕೆತ್ತಿ, ಡೈಯ ತಳ ಶೆಲ್ ಹೋಲ್ಡರಿಗೆ, ಅಂದರೆ ದಂಡದ ತುದಿಯಲ್ಲಿ ಕೇಸಿನ ಅಂಚನ್ನು ಹಿಡಿಯುವ ತುಂಡಿಗೆ, ಸರಿಯಾಗಿ ತಾಗುವಂತೆ ಕೂರಿಸಿ ಬಿಗಿಯಿರಿ. ಆಮೇಲೆ ಎಣ್ಣೆ ಸವರಿದ ಒಂದು .338 ಲಾಪುವಾ ಕೇಸನ್ನು ಇಟ್ಟು ರ‍್ಯಾಮನ್ನು ಮತ್ತೆ ಪೂರ್ತಿ ಎತ್ತಿ, ಹಿಡಿಕೆಯನ್ನು ಹಾಗೆಯೇ ಹಿಡಿದು, ಡೈ ಮತ್ತು ಶೆಲ್ ಹೋಲ್ಡರ್‌ಗಳ ನಡುವಿನ ಸಂದಿಯನ್ನು ಹಿಂದಿನಿಂದ ದೀಪವಿಟ್ಟು ನೋಡಿರಿ. ಕೇಸ್ ಇಲ್ಲದಾಗ ಮುಚ್ಚಿದ್ದ ಜಾಗದಲ್ಲಿ ಈಗ ಬೆಳಕಿನ ಗೆರೆ ಕಾಣುತ್ತಿದ್ದರೆ, ಅಷ್ಟು ದೂರ ನಿಮ್ಮ ಪ್ರೆಸ್‌ನ ಫ್ರೇಮ್ ಒತ್ತಡಕ್ಕೆ ಬಾಗಿ ಹಿಗ್ಗಿದೆ ಎಂದೇ ಅರ್ಥ. ಎಣ್ಣೆ ಚೆನ್ನಾಗಿ ಹತ್ತಿದ ಕೇಸಿಗೆ ಕಡಿಮೆ ಬಲ ಸಾಕು, ಆಗ ಸಂದಿ ಕಿರಿದು. ಎಣ್ಣೆ ಕಡಿಮೆಯಾದ ಅಥವಾ ಹಿತ್ತಾಳೆ ಗಡುಸಾದ ಕೇಸಿಗೆ ಹೆಚ್ಚು ಬಲ ಬೇಕು, ಆಗ ಸಂದಿ ದೊಡ್ಡದು. ಭುಜದ ಎತ್ತರ ಕೇಸಿನಿಂದ ಕೇಸಿಗೆ ಬದಲಾಗುತ್ತಿರುವುದಕ್ಕೆ ಕಾರಣ ಇದೇ.

ಇದನ್ನು ಇಷ್ಟು ವಿವರವಾಗಿ ಹೇಳುವುದಕ್ಕೆ ಕಾರಣವಿದೆ. ದೊಡ್ಡ ತೋಟಾಗಳಿಗೆ ಗಟ್ಟಿಯಾದ ಪ್ರೆಸ್ ಬೇಕು ಎಂದು ಎಲ್ಲರೂ ಹೇಳುತ್ತಾರೆ, ಆದರೆ ಗಟ್ಟಿ ಎಂದರೆ ಮುರಿಯದಿರುವುದು ಎಂದಷ್ಟೇ ತಿಳಿಯುವವರು ಬಹಳ. ಮುರಿಯುವ ಪ್ರೆಸ್‌ಗಳು ಅಪರೂಪ. ಬಾಗುವ ಪ್ರೆಸ್‌ಗಳು ಎಲ್ಲೆಲ್ಲೂ ಇವೆ, ಮತ್ತು ಅವು ಬಾಗುವುದು ಕಣ್ಣಿಗೆ ಕಾಣುವುದಿಲ್ಲ. .338 ಲಾಪುವಾದಂತಹ ತೋಟಾ ರೈಫಲ್‌ನ ಚೇಂಬರಿನಲ್ಲಿ (ತೋಟಾ ಕೂರುವ ಗೂಡಿನಲ್ಲಿ) ತನ್ನ ಭುಜದ ಆಧಾರದಿಂದಲೇ ನಿಲ್ಲುತ್ತದೆ. ಬೋಲ್ಟ್ ಆ್ಯಕ್ಷನ್ ರೈಫಲ್‌ನಲ್ಲಿ ಹಾರಿಸಿದ ಕೇಸಿನ ಭುಜವನ್ನು ಸುಮಾರು 0.05 ಮಿಲಿಮೀಟರಿನಷ್ಟು ಮಾತ್ರ ಹಿಂದಕ್ಕೆ ತಳ್ಳುವುದು ಅನುಭವಿಗಳ ಪದ್ಧತಿ. ಸಾಮಾನ್ಯ ಡೈಯಲ್ಲಿ ಒಂದು ಅಂಗುಲಕ್ಕೆ 14 ಥ್ರೆಡ್‌ಗಳಿರುವುದರಿಂದ ಡೈಯನ್ನು ಒಂದು ಸುತ್ತು ತಿರುಗಿಸಿದರೆ ಅದು 1.8 ಮಿಲಿಮೀಟರಿನಷ್ಟು ಇಳಿಯುತ್ತದೆ; ಹಾಗಾದರೆ 0.05 ಮಿಲಿಮೀಟರ್ ಎಂದರೆ ಹೆಚ್ಚುಕಡಿಮೆ 10 ಡಿಗ್ರಿಯಷ್ಟು ತಿರುವು. ಇಷ್ಟು ಸೂಕ್ಷ್ಮವಾಗಿ ಡೈಯನ್ನು ಕೂರಿಸಿದ ಮೇಲೆ ಫ್ರೇಮ್ ತಾನಾಗಿ ಅದರ ಎರಡು ಮೂರು ಪಟ್ಟು ಹಿಗ್ಗಿದರೆ ಕೂರಿಸಿದ ಶ್ರಮವೆಲ್ಲ ವ್ಯರ್ಥ.

ಸಿ-ಫ್ರೇಮ್‌ನ ಮುಂಭಾಗ ತೆರೆದಿರುತ್ತದೆ. ಕೈ ಆಡಿಸಲು ಅದು ಅನುಕೂಲ. ಆದರೆ ಒತ್ತಡ ಬಿದ್ದಾಗ ಹಿಂದಿನ ಕಂಬವೊಂದೇ ಭಾರವನ್ನು ಹೊರಬೇಕಾಗುತ್ತದೆ. ಆಗ ಅದು ತುಸುವೇ ಬಾಯಿ ತೆರೆದಂತೆ ಹಿಗ್ಗುತ್ತದೆ, ಮತ್ತು ಹಿಗ್ಗುವಾಗ ಡೈ ನೇರವಾಗಿ ಮೇಲೆ ಹೋಗದೆ ಹಿಂದಕ್ಕೆ ವಾಲುತ್ತದೆ. ಓ-ಫ್ರೇಮ್‌ನಲ್ಲಿ ಎರಡೂ ಬದಿಗೆ ಕಂಬಗಳಿರುವುದರಿಂದ ಹಿಗ್ಗುವಿಕೆ ಬಹಳ ಕಡಿಮೆ, ಇದ್ದಷ್ಟೂ ಎರಡೂ ಬದಿ ಹೆಚ್ಚುಕಡಿಮೆ ಸಮವಾಗಿರುತ್ತದೆ. ಲೋಹದ ಮಾತೂ ಇದೆ. ಅಲ್ಯೂಮಿನಿಯಂ ಮಿಶ್ರಲೋಹಗಳ ಯಂಗ್ ಗುಣಾಂಕ, ಅಂದರೆ ಬಾಗದೆ ನಿಲ್ಲುವ ಬಿಗುವಿನ ಅಳತೆ, ಸುಮಾರು 70 ಗಿಗಾಪ್ಯಾಸ್ಕಲ್. ಎರಕದ ಕಬ್ಬಿಣದ್ದು ಅದರ ಬಗೆಯನ್ನು ಅನುಸರಿಸಿ 100ರಿಂದ 170. ಉಕ್ಕಿನದು ಸುಮಾರು 200. ಅಂದರೆ ಒಂದೇ ಆಕಾರ, ಒಂದೇ ದಪ್ಪದ ಎರಡು ಫ್ರೇಮ್‌ಗಳಲ್ಲಿ ಅಲ್ಯೂಮಿನಿಯಂನದು ಉಕ್ಕಿನದಕ್ಕಿಂತ ಮೂರು ಪಟ್ಟು ಹತ್ತಿರ ಹೆಚ್ಚು ಬಾಗುತ್ತದೆ. ಅಲ್ಯೂಮಿನಿಯಂ ಕೆಟ್ಟದೆಂದು ಇದರ ಅರ್ಥವಲ್ಲ. ದಪ್ಪವನ್ನು ಸಾಕಷ್ಟು ಹೆಚ್ಚಿಸಿ ಮಾಡಿದ ಅಲ್ಯೂಮಿನಿಯಂ ಪ್ರೆಸ್‌ಗಳು ಸಾಧಾರಣ ತೋಟಾಗಳಿಗೆ ಚೆನ್ನಾಗಿಯೇ ನಡೆಯುತ್ತವೆ, ನಿಮ್ಮ .223ಗೆ ನಡೆದಂತೆ. ಆದರೆ .223ರ ಕೇಸಿನ ತಳ 9.6 ಮಿಲಿಮೀಟರ್ ಅಗಲದ್ದು, .338 ಲಾಪುವಾದ್ದು 14.9, ಡೈಯ ಗೋಡೆಗೆ ಉಜ್ಜುವ ಕೇಸಿನ ಮೈ ಲೆಕ್ಕ ಹಾಕಿದರೆ ಎರಡು ಪಟ್ಟಿಗೂ ಮೀರುತ್ತದೆ. ಘರ್ಷಣೆಯೂ ಅದೇ ಪ್ರಮಾಣದಲ್ಲಿ ಏರುತ್ತದೆ. ಆದ್ದರಿಂದ ನಿಮಗೆ ಬೇಕಾದದ್ದು ಎರಕದ ಕಬ್ಬಿಣದ ಅಥವಾ ಉಕ್ಕಿನ ಭಾರಿ ಓ-ಫ್ರೇಮ್ ಸಿಂಗಲ್ ಸ್ಟೇಜ್ (ಒಮ್ಮೆಗೆ ಒಂದೇ ಡೈ ಕೂರುವ) ಪ್ರೆಸ್. ಇದರಲ್ಲಿ ನನಗೆ ಯಾವ ಸಂದೇಹವೂ ಇಲ್ಲ.

ಇನ್ನು ಎತ್ತರದ ವಿಷಯ. ಪ್ರೆಸ್‌ನ ವಿವರಣೆಯಲ್ಲಿ ಕೊಡುವ ಬಾಯಿಯ, ಅಂದರೆ ಕೇಸ್ ಇಡುವ ತೆರವಿನ, ಎತ್ತರವನ್ನು ಸಿದ್ಧ ತೋಟಾದ ಒಟ್ಟು ಉದ್ದದೊಡನೆ ಹೋಲಿಸಿ ಸಮಾಧಾನಪಡುವವರಿದ್ದಾರೆ. ಆ ಹೋಲಿಕೆ ಸಾಲದು. ಗುಂಡನ್ನು ಕೂರಿಸುವ ಹಂತದಲ್ಲಿ ಗುಂಡು ಇನ್ನೂ ಕೇಸಿನ ಕತ್ತಿನೊಳಗೆ ಇಳಿದಿರುವುದಿಲ್ಲ, ಕೇಸಿನ ಬಾಯಿಯ ಮೇಲೆ ನಿಂತಿರುತ್ತದೆ; ಆದ್ದರಿಂದ ಲೆಕ್ಕಕ್ಕೆ ಬರಬೇಕಾದದ್ದು ಕೇಸಿನ ಉದ್ದಕ್ಕೆ ಗುಂಡಿನ ಪೂರ್ಣ ಉದ್ದವನ್ನು ಕೂಡಿಸಿದ ಮೊತ್ತ. .375 ಎಚ್ ಅಂಡ್ ಎಚ್ ಸಿದ್ಧ ತೋಟಾದ ಗರಿಷ್ಠ ಉದ್ದ 91.4 ಮಿಲಿಮೀಟರ್. ಆದರೆ ಅದರ 72.4 ಮಿಲಿಮೀಟರಿನ ಕೇಸಿನ ಮೇಲೆ ಉದ್ದನೆಯ ಗುಂಡೊಂದನ್ನು ನಿಲ್ಲಿಸಿದರೆ ಮೊತ್ತ ಸುಲಭವಾಗಿ 100 ಮಿಲಿಮೀಟರನ್ನು ದಾಟುತ್ತದೆ. .338 ಲಾಪುವಾದ ಕೇಸ್ 69.2 ಮಿಲಿಮೀಟರ್, ಆದರೆ ಅದರಲ್ಲಿ ಬಳಸುವ ದೂರಗಾಮಿ ಗುಂಡುಗಳು ಇನ್ನೂ ಉದ್ದ. ಬೆರಳಲ್ಲಿ ಗುಂಡನ್ನು ಹಿಡಿದು ಡೈಯ ಬಾಯಿಗೆ ನಡೆಸಲು ಮೇಲೆ ತುಸು ಜಾಗವೂ ಬೇಕು. ಜಾಗ ಸಾಲದಿದ್ದರೆ ಗುಂಡನ್ನು ಓರೆಯಾಗಿ ಡೈಯೊಳಕ್ಕೆ ತೂರಿಸಬೇಕಾಗುತ್ತದೆ, ಓರೆಯಾಗಿ ಆರಂಭವಾದ ಗುಂಡು ಓರೆಯಾಗಿಯೇ ಕೂರುವ ಸಂಭವವಿದೆ. ನಿಮ್ಮಲ್ಲಿರುವ ಅತ್ಯಂತ ಉದ್ದದ ಕೇಸ್ ಮತ್ತು ಗುಂಡನ್ನು ಅಳೆದು, ಆ ಮೊತ್ತಕ್ಕಿಂತ ಒಂದೆರಡು ಸೆಂಟಿಮೀಟರ್ ಹೆಚ್ಚಿನ ಬಾಯಿಯುಳ್ಳ ಪ್ರೆಸ್ ಆರಿಸಿರಿ.

ಹಾಗೆಂದು ಅಗತ್ಯಕ್ಕಿಂತ ಬಹಳ ಎತ್ತರದ್ದನ್ನು ಆರಿಸುವುದೂ ಸರಿಯಲ್ಲ. ಸನ್ನೆಯ ನಿಯಮವನ್ನು ಯಾವ ಪ್ರೆಸ್ಸೂ ಮೀರಲಾರದು. ಹಿಡಿಕೆಯ ತುದಿ ಒಂದು ಎಳೆತದಲ್ಲಿ 90 ಸೆಂಟಿಮೀಟರ್ ಚಲಿಸುತ್ತದೆ ಎಂದಿಟ್ಟುಕೊಳ್ಳೋಣ. ಅಷ್ಟರಲ್ಲಿ ರ‍್ಯಾಮ್ 10 ಸೆಂಟಿಮೀಟರ್ ಏರಿದರೆ ನಿಮ್ಮ ಕೈಬಲ ಸರಾಸರಿ ಒಂಬತ್ತು ಪಟ್ಟಾಗುತ್ತದೆ. ಅದೇ ಎಳೆತದಲ್ಲಿ ರ‍್ಯಾಮ್ 15 ಸೆಂಟಿಮೀಟರ್ ಏರಬೇಕಾದರೆ ಆರು ಪಟ್ಟು ಮಾತ್ರ. ಈ ಕೊರತೆಯನ್ನು ತುಂಬಲು ಎತ್ತರದ ಪ್ರೆಸ್‌ಗಳಿಗೆ ಉದ್ದನೆಯ ಹಿಡಿಕೆ ಇಡುತ್ತಾರೆ. ಇದರ ಜೊತೆಗೆ ಇನ್ನೊಂದು ವಿಚಾರವಿದೆ. ಪ್ರೆಸ್‌ನ ಕೀಲುಗಳ ಜೋಡಣೆಯಿಂದಾಗಿ ಬಲ ಎಲ್ಲ ಕಡೆ ಒಂದೇ ರೀತಿ ಹೆಚ್ಚುವುದಿಲ್ಲ. ರ‍್ಯಾಮ್ ತುದಿ ಮುಟ್ಟುವ ಹೊತ್ತಿಗೆ ಕೊಂಡಿಗಳು ಒಂದೇ ಗೆರೆಗೆ ಬಂದು ಬಲ ಹಲವು ಪಟ್ಟು ಏರುತ್ತದೆ, ಆರಂಭದಲ್ಲಿ ಅದು ಕಡಿಮೆ. ಗಿಡ್ಡ ಕೇಸಿನ ಕೆಲಸವೆಲ್ಲ ಆ ಬಲವಾದ ಕೊನೆಯ ಭಾಗದಲ್ಲೇ ಮುಗಿಯುತ್ತದೆ. ಉದ್ದನೆಯ ಕೇಸ್ ಡೈಯೊಳಗೆ ಮೊದಲೇ ಪ್ರವೇಶಿಸುವುದರಿಂದ, ಬಲ ಇನ್ನೂ ಕಡಿಮೆ ಇರುವಾಗಲೇ ಘರ್ಷಣೆ ಶುರುವಾಗುತ್ತದೆ. ಅರ್ಧದಾರಿಯಲ್ಲಿ ಹಿಡಿಕೆ ಭಾರವಾಗಿ, ಕೊನೆಯಲ್ಲಿ ಹಗುರಾದಂತೆ ಅನಿಸುವುದು ಇದೇ ಕಾರಣಕ್ಕೆ.

ಕೊಂಡಿಗಳು ನೇರ ಗೆರೆಯನ್ನು ಸ್ವಲ್ಪ ದಾಟಿ ಆಚೆಗೆ ಬೀಳುವುದಕ್ಕೆ ಕ್ಯಾಮ್ ಓವರ್ ಎನ್ನುತ್ತಾರೆ. ಕೆಲವು ಪ್ರೆಸ್‌ಗಳಲ್ಲಿ ಅದಿದೆ, ಕೆಲವುಗಳಲ್ಲಿ ರ‍್ಯಾಮ್ ತುದಿಯಲ್ಲಿ ಗಟ್ಟಿಯಾಗಿ ನಿಲ್ಲುತ್ತದೆ. ಎರಡರಲ್ಲೂ ಒಳ್ಳೆಯ ಕೆಲಸ ಸಾಧ್ಯ. ಕ್ಯಾಮ್ ಓವರ್ ಇರುವ ಪ್ರೆಸ್‌ನಲ್ಲಿ ಡೈಯನ್ನು ಅತಿಯಾಗಿ ಕೆಳಗಿಳಿಸಿ ಬಿಗಿದರೆ ಪ್ರತಿ ಸಲವೂ ಫ್ರೇಮ್ ಮತ್ತು ಕೊಂಡಿಗಳ ಮೇಲೆ ಬೇಡದ ಹೊರೆ ಬೀಳುತ್ತದೆ, ಮತ್ತು ಭುಜ ಬೇಕಾದ್ದಕ್ಕಿಂತ ಹಿಂದೆ ಹೋಗುತ್ತದೆ. .375 ಎಚ್ ಅಂಡ್ ಎಚ್‌ನಂತಹ ತಳದ ಬಳಿ ಸುತ್ತಲೂ ಉಬ್ಬಿದ ಪಟ್ಟಿಯುಳ್ಳ ಕೇಸ್‌ಗಳ ವಿಷಯದಲ್ಲಿ ಇದನ್ನು ಹೆಚ್ಚು ಎಚ್ಚರದಿಂದ ನೋಡಬೇಕು. ಪಟ್ಟಿಯೇ ಚೇಂಬರಿನಲ್ಲಿ ಕೇಸನ್ನು ನಿಲ್ಲಿಸುತ್ತದೆ ಎಂಬ ಧೈರ್ಯದಲ್ಲಿ ಭುಜವನ್ನು ಮನಬಂದಷ್ಟು ಹಿಂದೆ ತಳ್ಳಿದರೆ, ಹಾರಿಸಿದಾಗಲೆಲ್ಲ ಕೇಸ್ ಮುಂದಕ್ಕೆ ಹಿಗ್ಗಿ ಪಟ್ಟಿಯ ಸ್ವಲ್ಪ ಮುಂದೆ ಹಿತ್ತಾಳೆ ತೆಳುವಾಗುತ್ತ ಹೋಗುತ್ತದೆ. ಕೆಲವೇ ಬಳಕೆಗಳಲ್ಲಿ ಅದು ಅಲ್ಲಿಯೇ ಎರಡಾಗಿ ಬೇರ್ಪಡಬಹುದು. ಪಟ್ಟಿ ಇದ್ದರೂ ಭುಜವೇ ಆಧಾರ ಎಂದುಕೊಂಡು ಡೈಯನ್ನು ಹೊಂದಿಸುವುದು ಕೇಸಿಗೂ ಹಾರಿಸುವವರಿಗೂ ಕ್ಷೇಮ.

ಹೆಸರಿಸಿ ಹೇಳಬೇಕೆಂದು ನೀವು ಕೇಳಿಲ್ಲವಾದರೂ ಹೇಳುತ್ತೇನೆ. ಆರ್‌ಸಿಬಿಎಸ್ ಕಂಪನಿಯ ರಾಕ್ ಚಕರ್ ಸುಪ್ರೀಮ್, ರೆಡ್ಡಿಂಗ್ ಕಂಪನಿಯ ಬಿಗ್ ಬಾಸ್ ಮತ್ತು ಅಲ್ಟ್ರಾಮ್ಯಾಗ್, ಲೀ ಕಂಪನಿಯ ಕ್ಲಾಸಿಕ್ ಕಾಸ್ಟ್ ಇವು ನಿಮ್ಮ ಎರಡು ತೋಟಾಗಳ ವರ್ಗಕ್ಕೆ ಪರಿಗಣಿಸಬೇಕಾದ ಭಾರಿ ಪ್ರೆಸ್‌ಗಳು. ಫಾರ್ಸ್ಟರ್ ಕಂಪನಿಯ ಕೋ-ಆಕ್ಸ್ ಬೇರೆಯೇ ಜಾತಿಯದು: ಅದರ ರ‍್ಯಾಮಿನ ಬದಲಿಗೆ ಎರಡು ಕಂಬಗಳ ಮೇಲೆ ಜಾರುವ ತಟ್ಟೆಯಿದೆ, ಡೈಯನ್ನು ಥ್ರೆಡ್‌ನಲ್ಲಿ ತಿರುಗಿಸದೆ ಅದರ ಲಾಕ್ ರಿಂಗನ್ನು ಸೀಳಿನೊಳಗೆ ಜಾರಿಸುತ್ತಾರೆ, ಕೇಸಿನ ಅಂಚನ್ನು ಹಿಡಿಯುವ ದವಡೆಗಳು ತಾವೇ ಮಧ್ಯಕ್ಕೆ ಬರುತ್ತವೆ. ಡೈಯೂ ಕೇಸೂ ತುಸು ಸಡಿಲವಾಗಿರುವುದರಿಂದ ಒಂದಕ್ಕೊಂದು ತಾವೇ ನೇರವಾಗಿ ಹೊಂದಿಕೊಳ್ಳುತ್ತವೆ ಎಂಬುದು ಅದರ ಹಿಂದಿನ ತತ್ತ್ವ. ನಿಖರತೆಯನ್ನೇ ಮುಖ್ಯವೆಂದು ಬಗೆಯುವ .338ರ ಬಳಕೆದಾರರಿಗೆ ಅದು ನನ್ನ ಮೆಚ್ಚಿನದು. ಆದರೆ ದವಡೆಗಳು ಎಷ್ಟು ದೊಡ್ಡ ಅಂಚನ್ನು ಹಿಡಿಯುತ್ತವೆ ಎಂಬುದನ್ನು ತಯಾರಕರ ಪಟ್ಟಿಯಲ್ಲಿ ನೋಡಿಯೇ ಕೊಳ್ಳಬೇಕು.

ಪ್ರಶ್ನೆ: ನಾನು ಸದ್ಯ .416 ರಿಗ್ಬಿ ಮರುಭರ್ತಿ ಮಾಡುತ್ತೇನೆ. ಮುಂದೆ .50 ಬಿಎಂಜಿಗೂ (ಬ್ರೌನಿಂಗ್ ಮೆಷಿನ್ ಗನ್ ತೋಟಾಗೂ) ಹೋಗುವ ಆಸೆಯಿದೆ. ಎರಡಕ್ಕೂ ಒಂದೇ ಪ್ರೆಸ್ ಸಾಲುವುದೇ? ಸಾಮಾನ್ಯ ಡೈ ಹೋಲ್ಡರಿನ ಥ್ರೆಡ್‌ಗೆ .50ರ ಡೈಗಳು ಬರುವುದಿಲ್ಲವೆಂದು ಕೇಳಿದ್ದೇನೆ. ಏಕೆ?

ಉತ್ತರ: ಕಾರಣ ಸರಳ ಗಣಿತದ್ದು. ಲೋಕದಲ್ಲೆಲ್ಲ ಬಳಕೆಯಲ್ಲಿರುವ ಸಾಮಾನ್ಯ ಡೈಗಳ ಥ್ರೆಡ್ 7/8-14, ಅಂದರೆ ಹೊರ ಅಳತೆ 7/8 ಅಂಗುಲ, ಅಂಗುಲಕ್ಕೆ 14 ಥ್ರೆಡ್. 7/8 ಅಂಗುಲವೆಂದರೆ 22.2 ಮಿಲಿಮೀಟರ್, ಥ್ರೆಡ್‌ನ ತಗ್ಗಿನಲ್ಲಿ ಅಳೆದರೆ ಉಳಿಯುವುದು ಸುಮಾರು 20.3 ಮಿಲಿಮೀಟರ್. .416 ರಿಗ್ಬಿಯ ತಳ ಸುಮಾರು 15 ಮಿಲಿಮೀಟರ್ ಅಗಲದ್ದಾದ್ದರಿಂದ ಸುತ್ತಲೂ ಎರಡೂವರೆ ಮಿಲಿಮೀಟರಿಗೂ ಹೆಚ್ಚು ಉಕ್ಕಿನ ಗೋಡೆ ಉಳಿಯುತ್ತದೆ, ಅದು ಸಾಕು. .50 ಬಿಎಂಜಿಯ ತಳ 20.4 ಮಿಲಿಮೀಟರ್. ಆ ಕೇಸು ಹಿಡಿಸುವಂತೆ 7/8 ಅಂಗುಲದ ಡೈಯಲ್ಲಿ ರಂಧ್ರ ಕೊರೆದರೆ ಥ್ರೆಡ್‌ನ ತಗ್ಗಿನಲ್ಲಿ ಲೋಹವೇ ಇರುವುದಿಲ್ಲ. ಆದ್ದರಿಂದಲೇ .50ರ ಡೈಗಳನ್ನು ಒಂದೂಕಾಲು ಅಂಗುಲದ 12 ಥ್ರೆಡ್‌ನಲ್ಲಿ ಅಥವಾ ಒಂದೂವರೆ ಅಂಗುಲದ 12 ಥ್ರೆಡ್‌ನಲ್ಲಿ ಮಾಡುತ್ತಾರೆ.

ಈ ಎರಡು ಅಳತೆಗಳೇ ಹೆಚ್ಚಿನ ಗೊಂದಲಕ್ಕೆ ಮೂಲ. ಲೀ ಕಂಪನಿಯ .50 ಡೈಗಳು ಒಂದೂಕಾಲು ಅಂಗುಲದವು, ಆರ್‌ಸಿಬಿಎಸ್‌ನವು ಒಂದೂವರೆ ಅಂಗುಲದವು. ಒಂದರ ಪ್ರೆಸ್ಸಿಗೆ ಇನ್ನೊಂದರ ಡೈ ನೇರವಾಗಿ ಕೂರುವುದಿಲ್ಲ. ಆದ್ದರಿಂದ .50ರ ಆಸೆಯಿರುವವರು ಪ್ರೆಸ್ಸಿಗಿಂತ ಮೊದಲು ಡೈಯನ್ನು ನಿರ್ಧರಿಸುವುದು ಒಳ್ಳೆಯದು. ಭಾರಿ ಓ-ಫ್ರೇಮ್ ಪ್ರೆಸ್‌ಗಳಲ್ಲಿ ಕೆಲವಕ್ಕೆ ತಲೆಯಲ್ಲಿ ತೆಗೆಯಬಹುದಾದ ಬುಶ್ (ಥ್ರೆಡ್ ಇರುವ ಉಂಗುರ) ಇರುತ್ತದೆ. ಬುಶ್ ತೆಗೆದರೆ ಒಂದೂಕಾಲು ಅಂಗುಲದ ಥ್ರೆಡ್ ತೆರೆದುಕೊಳ್ಳುತ್ತದೆ. ಅದನ್ನು ನೋಡಿ ಈ ಪ್ರೆಸ್ .50ಕ್ಕೂ ಆಗುತ್ತದೆ ಎಂದು ತೀರ್ಮಾನಿಸಬೇಡಿರಿ. ಥ್ರೆಡ್ ಹೊಂದಿದರೂ ಬಾಯಿಯ ಎತ್ತರ ಹೊಂದದಿರಬಹುದು. .50 ಬಿಎಂಜಿ ಕೇಸಿನ ಉದ್ದವೇ 99.3 ಮಿಲಿಮೀಟರ್, ಸಿದ್ಧ ತೋಟಾ 138.4 ಮಿಲಿಮೀಟರ್. ಹಿಂದಿನ ಪ್ರಶ್ನೆಗೆ ಹೇಳಿದಂತೆ ಕೇಸಿನ ಮೇಲೆ ಗುಂಡು ನಿಲ್ಲಿಸಿದ ಲೆಕ್ಕ ಹಿಡಿದರೆ 150 ಮಿಲಿಮೀಟರನ್ನು ಮೀರುತ್ತದೆ. .416 ರಿಗ್ಬಿಯ ಕೇಸ್ 73.7 ಮಿಲಿಮೀಟರ್ ಮಾತ್ರ ಎಂಬುದನ್ನು ಪಕ್ಕದಲ್ಲಿಟ್ಟು ನೋಡಿದರೆ ಅಂತರ ತಿಳಿಯುತ್ತದೆ. ಮೂರನೆಯದಾಗಿ, 20.4 ಮಿಲಿಮೀಟರಿನ ಅಂಚನ್ನು ಹಿಡಿಯುವ ಶೆಲ್ ಹೋಲ್ಡರ್ ಸಾಮಾನ್ಯ ರ‍್ಯಾಮಿನ ತಲೆಯ ಸೀಳಿಗೆ ಕೂರುವುದಿಲ್ಲ, ಅದಕ್ಕೆ ಹೊಂದುವ ರ‍್ಯಾಮ್ ಅಥವಾ ಜೋಡಣೆ ಬೇಕು. ಮದ್ದಿಗೆ ಕಿಡಿ ಕೊಡಲು ಕೇಸಿನ ತಳದಲ್ಲಿ ಕೂರುವ ಪ್ರೈಮರ್ ಕೂಡ ಬೇರೆ: ಸಾಮಾನ್ಯ ದೊಡ್ಡ ರೈಫಲ್ ಪ್ರೈಮರಿನ ಅಗಲ 5.3 ಮಿಲಿಮೀಟರ್, .50ರದ್ದು 8 ಮಿಲಿಮೀಟರ್. ಥ್ರೆಡ್, ಬಾಯಿ, ಶೆಲ್ ಹೋಲ್ಡರ್, ಪ್ರೈಮರ್ ಈ ನಾಲ್ಕೂ ಹೊಂದಿದಾಗ ಮಾತ್ರ ಆ ಪ್ರೆಸ್ .50ರದ್ದು.

ಒಂದೇ ಪ್ರೆಸ್ ಸಾಲುವುದೇ ಎಂದರೆ, ಸಾಲುತ್ತದೆ. .50ಕ್ಕಾಗಿಯೇ ಮಾಡಿದ ಎತ್ತರದ ಪ್ರೆಸ್‌ಗೆ 7/8 ಅಂಗುಲದ ಬುಶ್ ಹಾಕಿ ರಿಗ್ಬಿಯನ್ನೂ ಮಾಡಬಹುದು. ಆದರೆ ನಾನು ಅದನ್ನು ಸಲಹೆ ಮಾಡುವುದಿಲ್ಲ. ಅಷ್ಟು ಉದ್ದದ ಎಳೆತ ರಿಗ್ಬಿಗೆ ಬೇಡ, ಪ್ರತಿ ಕೇಸಿಗೂ ಅನಗತ್ಯ ದೂರ ರ‍್ಯಾಮನ್ನು ಏರಿಸಿ ಇಳಿಸುವುದು ದಣಿವು, ಮತ್ತು ಬುಶ್‌ಗಳನ್ನು ಪದೇ ಪದೇ ಬದಲಿಸಿದರೆ ಡೈಯ ಹೊಂದಿಕೆ ಕದಲುತ್ತದೆ. .50ರ ಆಸೆ ಖಚಿತವಾಗುವವರೆಗೆ ರಿಗ್ಬಿಗೆ ತಕ್ಕ ಭಾರಿ ಪ್ರೆಸ್ ಒಂದನ್ನು ಕೊಂಡು ನೆಮ್ಮದಿಯಿಂದಿರಿ. ಆಸೆ ಖಚಿತವಾದಾಗ .50ಕ್ಕೆ ಬೇರೆ ಪ್ರೆಸ್ ಕೊಂಡರೆ ಮೊದಲನೆಯದು ವ್ಯರ್ಥವಾಗುವುದಿಲ್ಲ.

ಇದೇ ಪ್ರಶ್ನೆಯನ್ನು .470 ನೈಟ್ರೋ ಎಕ್ಸ್‌ಪ್ರೆಸ್‌ನಂತಹ ಡಬಲ್ ರೈಫಲ್ ತೋಟಾಗಳ ಬಗ್ಗೆ ಕೇಳಿದವರಿಗೆ: ಆ ಕೇಸಿನ ಉದ್ದ 82.6 ಮಿಲಿಮೀಟರ್, ಅಂಚು 16.6 ಮಿಲಿಮೀಟರ್. ಆ ವರ್ಗದಲ್ಲಿ ಕೆಲವು ಡೈಗಳು 7/8 ಅಂಗುಲದಲ್ಲಿ ಬರುತ್ತವೆ, ಕೆಲವು ಒಂದು ಅಂಗುಲದ 14 ಥ್ರೆಡ್‌ನಲ್ಲಿ. ಡೈ ತರಿಸುವ ಮುನ್ನವೇ ಥ್ರೆಡ್ ಕೇಳಿಕೊಳ್ಳಿರಿ.

ಪ್ರಶ್ನೆ: ಪ್ರೋಗ್ರೆಸಿವ್ ಪ್ರೆಸ್ ಕೊಂಡರೆ ಹಿಡಿಕೆಯ ಪ್ರತಿ ಎಳೆತಕ್ಕೂ ಒಂದು ತೋಟಾ ಸಿದ್ಧವಾಗುತ್ತದೆ ಎನ್ನುತ್ತಾರೆ. .458 ವಿಂಚೆಸ್ಟರ್ ಮ್ಯಾಗ್ನಮ್‌ಗೆ ಅದು ಒಳ್ಳೆಯದಲ್ಲವೇ? ಟರೆಟ್ ಪ್ರೆಸ್ ಹೇಗೆ?

ಉತ್ತರ: .458ಕ್ಕೆ ಪ್ರೋಗ್ರೆಸಿವ್ ಬೇಡ. ಸಾವಿರಾರು ಪಿಸ್ತೂಲು ತೋಟಾಗಳನ್ನು ಮಾಡುವವರಿಗೆ ಆ ಯಂತ್ರದ ವೇಗ ವರವಾಗುತ್ತದೆ. .458ರ ಹಿಂದೊದೆತವನ್ನು ಭುಜದ ಮೇಲೆ ತಾಳಿಕೊಂಡವರು ಯಾರೂ ದಿನಕ್ಕೆ ನೂರಾರು ಗುಂಡು ಹಾರಿಸುವುದಿಲ್ಲ. ಇಪ್ಪತ್ತೋ ಮೂವತ್ತೋ ತೋಟಾಗಳಿಗಾಗಿ ಅನೇಕ ಕೆಲಸಗಳು ಒಮ್ಮೆಗೇ ನಡೆಯುವ ಯಂತ್ರವನ್ನು ಹೊಂದಿಸುವ ಹೊತ್ತಿಗೆ ಸಿಂಗಲ್ ಸ್ಟೇಜ್‌ನಲ್ಲಿ ಕೆಲಸವೇ ಮುಗಿದಿರುತ್ತದೆ. ಅದಲ್ಲದೆ, ದೊಡ್ಡ ಕೇಸ್‌ಗಳಲ್ಲಿ ಬಳಸುವ ಉದ್ದ ಕಡ್ಡಿಯಾಕಾರದ ಮದ್ದು ಅಳತೆಯ ಸಾಧನದಲ್ಲಿ ಸಿಕ್ಕಿಕೊಳ್ಳುವುದು, ಕೊಳವೆಯಲ್ಲಿ ಅಡ್ಡ ನಿಲ್ಲುವುದು ಸಾಮಾನ್ಯ. ಒಂದು ಕೇಸಿಗೆ ಕಡಿಮೆ, ಮುಂದಿನದಕ್ಕೆ ಹೆಚ್ಚು ಬೀಳುವ ಅಪಾಯ ಅದರಲ್ಲಿದೆ. ಈ ತೋಟಾಗಳಿಗೆ ಪ್ರತಿಯೊಂದರ ಮದ್ದನ್ನೂ ತೂಗಿ ಹಾಕಿ, ಎಲ್ಲ ಕೇಸ್‌ಗಳನ್ನೂ ಹಲಗೆಯಲ್ಲಿ ಸಾಲಾಗಿ ನಿಲ್ಲಿಸಿ, ದೀಪದ ಕೆಳಗೆ ಒಳಗಿನ ಮದ್ದಿನ ಮಟ್ಟವನ್ನು ಕಣ್ಣಾರೆ ನೋಡಿದ ಮೇಲೆಯೇ ಗುಂಡು ಕೂರಿಸುವುದು ಸರಿಯಾದ ಕ್ರಮ. ಅವಸರ ಎಲ್ಲಿಯೂ ಬೇಡವಾದ ಕಸುಬು ಇದು.

ಟರೆಟ್ ಪ್ರೆಸ್‌ನ ಪ್ರಶ್ನೆ ಬೇರೆ. ಡೈಗಳನ್ನೆಲ್ಲ ಒಂದೇ ತಲೆಯಲ್ಲಿ ಹೊಂದಿಸಿಟ್ಟು ತಲೆಯನ್ನು ತಿರುಗಿಸುತ್ತ ಹೋಗುವ ಅನುಕೂಲ .458ಕ್ಕೆ ನಿಜವಾಗಿಯೂ ಉಪಯುಕ್ತ, ಏಕೆಂದರೆ ಅಷ್ಟು ಹಿಂದೊದೆತವಿರುವ ರೈಫಲ್‌ನ ಮ್ಯಾಗಜೀನಿನಲ್ಲಿ ಉಳಿದ ತೋಟಾಗಳ ಗುಂಡು ಕೇಸಿನೊಳಕ್ಕೆ ಜಾರದಂತೆ ಕೇಸಿನ ಬಾಯಿಯನ್ನು ಗುಂಡಿನ ಗೀರಿಗೆ ಒತ್ತಿ ಬಿಗಿದು ಕ್ರಿಂಪ್ ಮಾಡಲೇಬೇಕು, ಮತ್ತು ಗುಂಡು ಕೂರಿಸುವುದು, ಕ್ರಿಂಪ್ ಮಾಡುವುದು ಎರಡನ್ನೂ ಬೇರೆ ಬೇರೆ ಡೈಗಳಲ್ಲಿ ಮಾಡಿದರೆ ಫಲಿತಾಂಶ ಉತ್ತಮ. ಕೇಸ್‌ಗಳ ಉದ್ದವೆಲ್ಲ ಒಂದೇ ಆಗಿರುವಂತೆ ಮೊದಲೇ ಕತ್ತರಿಸಿರದಿದ್ದರೆ ಯಾವ ಪ್ರೆಸ್ಸೂ ಸಮನಾದ ಕ್ರಿಂಪ್ ಕೊಡಲಾರದು. ಆದರೆ ಟರೆಟ್‌ನ ತಲೆ ತಿರುಗಬೇಕಾದ್ದರಿಂದ ಒಂದಿಷ್ಟು ಸಡಿಲ ಇದ್ದೇ ಇರುತ್ತದೆ. ಡೈಯ ಮೇಲೆ ಭಾರಿ ಒತ್ತಡ ಬಿದ್ದಾಗ ತಲೆ ಆ ಬದಿಗೆ ತುಸು ಏಳುತ್ತದೆ. .458 ನೇರ ಮೈಯ ಕೇಸಾದ್ದರಿಂದ, ಭುಜವೇ ಇಲ್ಲದ್ದರಿಂದ, ಈ ದೋಷ ಅದರಲ್ಲಿ ಅಷ್ಟಾಗಿ ಬಾಧಿಸುವುದಿಲ್ಲ. ಭಾರಿ ಟರೆಟ್ ಪ್ರೆಸ್ ನಿಮಗೆ ಸರಿಹೋಗುತ್ತದೆ. ಭುಜವುಳ್ಳ ದೊಡ್ಡ ಕೇಸ್ ಆಗಿದ್ದರೆ ಸೈಜಿಂಗ್ ಕೆಲಸವನ್ನಾದರೂ ಓ-ಫ್ರೇಮ್‌ನಲ್ಲಿ ಮಾಡಿರಿ ಎನ್ನುತ್ತಿದ್ದೆ.

ಪ್ರಶ್ನೆ: ಬಳಸಿದ ಹಳೆಯ ಕಬ್ಬಿಣದ ಪ್ರೆಸ್ ಒಂದು ಕಡಿಮೆ ಬೆಲೆಗೆ ಸಿಗುತ್ತಿದೆ. ರ‍್ಯಾಮ್ ಸ್ವಲ್ಪ ಅಲುಗುತ್ತದೆ. ಕೊಳ್ಳಬಹುದೇ?

ಉತ್ತರ: ಸ್ವಲ್ಪ ಅಲುಗುವುದಕ್ಕೆ ಹೆದರಬೇಡಿರಿ. ಕೇಸ್ ಡೈಯೊಳಗೆ ಹೋಗುವಾಗ ಡೈಯೇ ಅದನ್ನು ಮಧ್ಯಕ್ಕೆ ತರುತ್ತದೆ; ರ‍್ಯಾಮಿನ ಅಲ್ಪ ಸಡಿಲ ಅದಕ್ಕೆ ಸಹಾಯವೇ ಆದೀತು. ಓರೆಯಾಗಿ ಬಿಗಿಯಾಗಿರುವ ರ‍್ಯಾಮೇ ಹೆಚ್ಚು ಕೆಡುಕಿನದು. ನೋಡಬೇಕಾದದ್ದು ಬೇರೆ. ಫ್ರೇಮಿನ ಒಳಮೂಲೆಗಳನ್ನು, ಕೊಂಡಿಯ ಗೂಟಗಳು ಹಾದುಹೋಗುವ ರಂಧ್ರಗಳ ಸುತ್ತಲನ್ನು ಭೂತಗನ್ನಡಿಯಿಂದ ಪರೀಕ್ಷಿಸಿರಿ. ಎರಕದ ಕಬ್ಬಿಣದಲ್ಲಿ ಬಿರುಕು ಕೂದಲೆಳೆಯಂತೆ ಶುರುವಾಗುತ್ತದೆ, ಹೊಸ ಬಣ್ಣ ಬಳಿದರೆ ಕಾಣದು; ಮೂಲ ಬಣ್ಣವಿರುವುದೇ ಉತ್ತಮ. ಬೆಸುಗೆಯ ಗುರುತಿದ್ದರೆ ಕೊಳ್ಳಬೇಡಿರಿ. ಗೂಟಗಳು ಸವೆದಿದ್ದರೆ ಬದಲಿಸಬಹುದು, ಅವು ಕೂರುವ ರಂಧ್ರಗಳೇ ಮೊಟ್ಟೆಯಾಕಾರಕ್ಕೆ ತಿರುಗಿದ್ದರೆ ಬದಲಿಸಲಾಗದು. ಒಂದು ಡೈಯನ್ನು ಜೊತೆಗೆ ಒಯ್ದು ತಲೆಯ ಥ್ರೆಡ್‌ನಲ್ಲಿ ಕೈಯಿಂದಲೇ ತಿರುಗಿಸಿ ನೋಡಿರಿ: ಎಲ್ಲಿಯೂ ಕಚ್ಚದೆ ಇಳಿಯಬೇಕು. ರ‍್ಯಾಮನ್ನು ಪೂರ್ತಿ ಎತ್ತಿ ಶೆಲ್ ಹೋಲ್ಡರ್ ಡೈಯ ತಳಕ್ಕೆ ಸುತ್ತಲೂ ಸಮನಾಗಿ ತಾಗುತ್ತದೆಯೇ ಎಂಬುದನ್ನು ತೆಳು ಕಾಗದದ ಚೂರುಗಳನ್ನು ನಾಲ್ಕು ಕಡೆ ಇಟ್ಟು ಎಳೆದು ತಿಳಿಯಬಹುದು. ಒಂದು ಕಡೆಯ ಕಾಗದ ಸಡಿಲವಾಗಿ ಬಂದು ಎದುರಿನದು ಸಿಕ್ಕಿಕೊಂಡರೆ ತಲೆಯೂ ರ‍್ಯಾಮೂ ಒಂದೇ ಗೆರೆಯಲ್ಲಿಲ್ಲ.

ಚೆನ್ನಾಗಿ ಉಳಿದಿರುವ ಹಳೆಯ ಭಾರಿ ಪ್ರೆಸ್ ಸಿಕ್ಕರೆ ಅದು ಹೊಸ ಹಗುರ ಪ್ರೆಸ್ಸಿಗಿಂತ ದೊಡ್ಡ ತೋಟಾಗಳಿಗೆ ಲೇಸು. ಫ್ರೆಡ್ ಹಂಟಿಂಗ್ಟನ್ ಅವರು 1943ರಲ್ಲಿ ಆರಂಭಿಸಿದ ಆರ್‌ಸಿಬಿಎಸ್‌ನಂತಹ ಕಂಪನಿಗಳ ಹಳೆಯ ಕಬ್ಬಿಣದ ಪ್ರೆಸ್‌ಗಳನ್ನು ಇಂದಿಗೂ ಬಳಸುತ್ತಿರುವವರಿದ್ದಾರೆ. ಆದರೆ ಆ ಹಳೆಯವುಗಳಲ್ಲಿ ಬಾಯಿಯ ಎತ್ತರ ಕಡಿಮೆ ಇರಬಹುದು, ಅಳೆದು ನೋಡಿರಿ.

ಪ್ರಶ್ನೆ: ಭಾರಿ ಪ್ರೆಸ್ ತಂದ ಮೇಲೂ .300 ವಿಂಚೆಸ್ಟರ್ ಮ್ಯಾಗ್ನಮ್ ಸೈಜ್ ಮಾಡುವಾಗ ಬೆಂಚು ಏಳುತ್ತದೆ. ಕೇಸನ್ನು ಡೈಯಿಂದ ಹೊರಗೆ ಎಳೆಯುವಾಗ ಇನ್ನೂ ಹೆಚ್ಚು. ಪ್ರೆಸ್ಸನ್ನು ಬದಲಿಸಬೇಕೇ?

ಉತ್ತರ: ಬೇಡ, ಬೆಂಚನ್ನು ಬದಲಿಸಿರಿ. ಉದ್ದ ಹಿಡಿಕೆಯನ್ನು ಕೆಳಕ್ಕೆ ಒತ್ತಿದಾಗ ಪ್ರೆಸ್ ಮುಂದಕ್ಕೆ ವಾಲಲು ಯತ್ನಿಸುತ್ತದೆ, ಅದರ ಹಿಂದಿನ ಬೋಲ್ಟುಗಳು ಹಲಗೆಯನ್ನು ಮೇಲಕ್ಕೆ ಎಳೆಯುತ್ತವೆ. ಹಿಡಿಕೆಯನ್ನು ಮೇಲಕ್ಕೆ ಎತ್ತಿದಾಗ ಬಲದ ದಿಕ್ಕು ತಿರುಗುತ್ತದೆ. ಆ ಹೊತ್ತಿನಲ್ಲೇ ಕತ್ತನ್ನು ಒಳಗಿನಿಂದ ಅಳತೆಗೆ ಹಿಗ್ಗಿಸುವ, ಡೈಯೊಳಗಿನ ಎಕ್ಸ್‌ಪ್ಯಾಂಡರ್ ಗುಂಡಿ ಕೇಸಿನ ಕತ್ತಿನ ಒಳಗಿನಿಂದ ಹೊರಬರುತ್ತಿರುತ್ತದೆ. ಕತ್ತಿನ ಒಳಗೆ ಎಣ್ಣೆಯಿಲ್ಲದಿದ್ದರೆ ಅದು ಕಿರಿಚುತ್ತ ಬರುತ್ತದೆ, ಕತ್ತನ್ನೂ ಎಳೆದು ಉದ್ದಮಾಡುತ್ತದೆ, ಕೆಲವೊಮ್ಮೆ ಓರೆಮಾಡುತ್ತದೆ. ಹೊರಗೆಳೆಯುವಾಗ ಬೆಂಚು ಹೆಚ್ಚು ಏಳುತ್ತಿರುವುದಕ್ಕೆ ಬಹುಶಃ ಇದೇ ಕಾರಣ. ಮೃದುವಾದ ಬ್ರಶ್ಶಿನಿಂದ ಕತ್ತಿನ ಒಳಗೆ ತುಸುವೇ ಎಣ್ಣೆ ಸವರಿರಿ, ಮದ್ದು ಹಾಕುವ ಮುನ್ನ ಅದನ್ನು ಪೂರ್ಣವಾಗಿ ಒರೆಸಿ ತೆಗೆಯಿರಿ. ಹೊರಮೈಗೆ ಲ್ಯಾನೋಲಿನ್ ಸೇರಿದ ಸೈಜಿಂಗ್ ಎಣ್ಣೆಯನ್ನು ಬೆರಳಿನಿಂದ ತೆಳುವಾಗಿ ಹಚ್ಚಿರಿ. ಅತಿಯಾದರೆ ಭುಜದಲ್ಲಿ ಎಣ್ಣೆ ನಿಂತು ತಗ್ಗು ಬೀಳುತ್ತದೆ, ಕಡಿಮೆಯಾದರೆ ಕೇಸ್ ಡೈಯಲ್ಲಿ ಕಚ್ಚಿಕೊಳ್ಳುತ್ತದೆ. ಕಚ್ಚಿಕೊಂಡ ಮೇಲೆ ಹಿಡಿಕೆಗೆ ಪೈಪು ಸಿಕ್ಕಿಸಿ ಎಳೆಯುವ ದುಸ್ಸಾಹಸ ಮಾಡಬೇಡಿರಿ. ಕೇಸಿನ ಅಂಚು ಹರಿದು ಹೋಗುತ್ತದೆ, ಆಗ ತಳಕ್ಕೆ ರಂಧ್ರ ಕೊರೆದು ಸ್ಕ್ರೂ ಹಾಕಿ ಎಳೆದು ತೆಗೆಯುವುದೊಂದೇ ದಾರಿ.

ಬೆಂಚಿಗೆ ಮೇಲಿನ ಹಲಗೆ ದಪ್ಪವಾಗಿರಲಿ, ಪ್ರೆಸ್‌ನ ಬೋಲ್ಟುಗಳು ಹಲಗೆಯ ಕೆಳಗೆ ಬರೀ ವಾಷರಿಗೆ ಬದಲು ಉಕ್ಕಿನ ಅಗಲ ತಟ್ಟೆಗೆ ಕೂರಲಿ. ಪ್ರೆಸ್ ಹಲಗೆಯ ಅಂಚಿಗೆ, ಸಾಧ್ಯವಾದರೆ ಬೆಂಚಿನ ಕಾಲಿನ ನೇರಕ್ಕೆ ಬರಲಿ. ಬೆಂಚಿನ ಹಿಂಬದಿಯನ್ನು ಗೋಡೆಗೆ ಬಿಗಿಯಿರಿ. ಅದಾಗದಿದ್ದರೆ ಕೆಳಗಿನ ಕಪಾಟಿನಲ್ಲಿ ಸಾಕಷ್ಟು ಭಾರವನ್ನಿಡಿರಿ. ಆ ಭಾರ ಮದ್ದಿನ ಡಬ್ಬಿಗಳದ್ದಾಗಬಾರದು, ಪ್ರೈಮರ್‌ಗಳದ್ದಂತೂ ಆಗಲೇಬಾರದು. ಅವೆರಡೂ ಬೆಂಚಿನಿಂದ ದೂರ, ಒಂದರಿಂದ ಒಂದು ಬೇರೆಯಾಗಿ, ಬೀಗದೊಳಗಿರಬೇಕು.

ಪ್ರಶ್ನೆ: ಪ್ರೈಮರನ್ನು ಪ್ರೆಸ್‌ನಲ್ಲೇ ಕೂರಿಸಬೇಕೇ, ಕೈಸಾಧನದಲ್ಲೇ?

ಉತ್ತರ: ಕೈಸಾಧನದಲ್ಲಿ, ಒಂದೊಂದಾಗಿ. ದೊಡ್ಡ ಪ್ರೆಸ್‌ನ ಸನ್ನೆಬಲ ಪ್ರೈಮರ್ ತಳ ಮುಟ್ಟುವ ಸ್ಪರ್ಶವನ್ನು ಬೆರಳಿಗೆ ತಿಳಿಯಗೊಡುವುದಿಲ್ಲ. ಪ್ರೈಮರ್ ಕೇಸಿನ ತಳದ ಮಟ್ಟಕ್ಕಿಂತ ತುಸು ಒಳಗೆ ಕೂತಿದೆಯೇ ಎಂಬುದನ್ನು ಪ್ರತಿ ಸಲವೂ ಬೆರಳಾಡಿಸಿ ನೋಡಿರಿ, ಮತ್ತು ಈ ಕೆಲಸದುದ್ದಕ್ಕೂ ರಕ್ಷಣಾ ಕನ್ನಡಕ ಕಣ್ಣಿನ ಮೇಲಿರಲಿ. ಪ್ರೆಸ್ ಆರಿಸುವಾಗ ಅದರ ಪ್ರೈಮಿಂಗ್ ಜೋಡಣೆ ಹೇಗಿದೆ ಎಂಬುದಕ್ಕೆ ಅಂಕ ಕೊಡುವ ಅಗತ್ಯವಿಲ್ಲ. ಬಳಸಿದ ಪ್ರೈಮರ್‌ಗಳು ರ‍್ಯಾಮಿನ ನಡುವಿನ ರಂಧ್ರದಿಂದ ಕೊಳವೆಯಲ್ಲಿ ಇಳಿದು ಡಬ್ಬಿಗೆ ಬೀಳುವ ಏರ್ಪಾಡು ಇದೆಯೇ ಎಂಬುದನ್ನು ಮಾತ್ರ ನೋಡಿರಿ. ಆ ಏರ್ಪಾಡಿಲ್ಲದ ಪ್ರೆಸ್‌ಗಳಲ್ಲಿ ಪ್ರೈಮರಿನ ಸುಟ್ಟ ಪುಡಿ ರ‍್ಯಾಮಿನ ಮೈಮೇಲೆ ಉದುರಿ, ಎಣ್ಣೆಯೊಡನೆ ಸೇರಿ, ರ‍್ಯಾಮನ್ನೂ ಅದು ಜಾರುವ ಬೋರನ್ನೂ ತೇಯುತ್ತ ಹೋಗುತ್ತದೆ.